ನಮ್ಮೂರ ಉಪ್ಪು, ನಮ್ಮೂರ ಆಟ: ಸಂಸದೀಯ ಸಮಿತಿಗೆ ಪ್ರಶ್ನೆ ಮುಟ್ಟಿಸುವ ಸಮಗ್ರ ಮಾರ್ಗದರ್ಶಿ

ಶಿರಸಿ ಕಡೆಯ ನಮ್ಮೂರಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಆಟ, ಅಂದರೆ ಯಕ್ಷಗಾನ, ಆಡಿಸುವುದು ಅಜ್ಜನ ಕಾಲದಿಂದ ಬಂದದ್ದು. ಕೆಲವು ವರ್ಷದ ಹಿಂದೆ ಒಂದು ರಾತ್ರಿ, ಪ್ರಸಂಗ ಅರ್ಧಕ್ಕೆ ಬಂದಿತ್ತು, ಮೈಕ್ ಬಂದ್ ಮಾಡಿಸಿದರು. ಭಾಗವತರು ಪದ್ಯ ನಿಲ್ಲಿಸಲಿಲ್ಲ. ಬರೀ ಕಂಠದಲ್ಲೇ ಮುಂದುವರಿಸಿದರು. ಮುಂದಿನ ನಾಲ್ಕು ಸಾಲಿಗೆ ಕೇಳಿತು. ಹಿಂದೆ ಕಂಬಳಿ ಹೊದ್ದು ಕೂತಿದ್ದ ಅಜ್ಜಿಯಂದಿರಿಗೆ ಚಂಡೆಯ ಪೆಟ್ಟು ಬಿಟ್ಟರೆ ಬೇರೇನೂ ಕೇಳಲಿಲ್ಲ. ಒಬ್ಬೊಬ್ಬರೇ ಎದ್ದು ಮನೆಗೆ ಹೋದರು.

ಮರುದಿನ ನಾವೆಲ್ಲ ಸೇರಿ ಐದು ಪುಟದ ಮನವಿ ಬರೆದೆವು. ಯಕ್ಷಗಾನದ ಹಿರಿಮೆ, ಕಲಾವಿದರ ಕಷ್ಟ, ನಮ್ಮ ನೋವು ಎಲ್ಲ ಅದರಲ್ಲಿತ್ತು. ಕೇಂದ್ರದ ಸಂಸ್ಕೃತಿ ಸಚಿವಾಲಯಕ್ಕೆ ಕಳಿಸಿದೆವು. ತಿಂಗಳುಗಳ ನಂತರ ಎರಡು ಸಾಲಿನ ಉತ್ತರ ಬಂತು: ವಿಷಯ ರಾಜ್ಯಕ್ಕೆ ಸೇರಿದ್ದು. ದಿಲ್ಲಿಯಲ್ಲಿ ನಮ್ಮ ಮಾತು ಯಾರಿಗೂ ಬೇಡ ಅಂದುಕೊಂಡು ಸುಮ್ಮನಾದೆವು. ಆದರೆ ನಾವು ತಟ್ಟಿದ ಬಾಗಿಲೇ ಬೇರೆಯಾಗಿತ್ತು. ಮೈಕ್ ನಿಲ್ಲಿಸಿದ ನಿಯಮ ಸಂಸ್ಕೃತಿ ಸಚಿವಾಲಯದ್ದಲ್ಲ. ಅದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ ಬಂದ 2000ದ ಶಬ್ದ ಮಾಲಿನ್ಯ ನಿಯಮ. ಅದರ ಬಾಗಿಲು ಪರಿಸರ ಸಚಿವಾಲಯ.

ಆಮೇಲೆ ಈ ದಾರಿಯನ್ನು ಒಂದೊಂದೇ ಹೆಜ್ಜೆ ಕಲಿತುಕೊಂಡೆ. ಕರಾವಳಿಯ ಉಪ್ಪಿನ ಆಗರ ಇರಲಿ, ಘಟ್ಟದ ಮೇಲಿನ ಆಲೆಮನೆ ಇರಲಿ, ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಇರಲಿ, ಮರ ಕೆತ್ತುವ ಗುಡಿಗಾರರ ಉಳಿ ಇರಲಿ, ನಮ್ಮ ಬದುಕಿನ ಬಹಳಷ್ಟು ಸಂಗತಿಗಳು ಎಲ್ಲೋ ಒಂದು ಕೇಂದ್ರ ನಿಯಮದ ಒಂದು ಸಾಲಿಗೆ ಕಟ್ಟಿಕೊಂಡಿವೆ. ಆ ಸಾಲು ಯಾವುದು, ಅದನ್ನು ಬರೆದವರು ಯಾರು ಅಂತ ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ.

ಮೊದಲ ಹೆಜ್ಜೆ: ಬಾಗಿಲು ಹುಡುಕಿ

ಇದಕ್ಕೆ ಜಾಸ್ತಿ ಸಮಯ ಕೊಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಉಪ್ಪಿನಿಂದಲೇ ಶುರು ಮಾಡೋಣ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರ ನೋಡಿದ್ದೀರಾ? ಅಘನಾಶಿನಿಯ ಉಪ್ಪುನೀರನ್ನು ಭರತದ ಹೊತ್ತಿಗೆ ಒಳಗೆ ಬಿಟ್ಟುಕೊಳ್ಳುತ್ತಾರೆ. ಬಿಸಿಲಿಗೆ ನೀರು ಗಟ್ಟಿಯಾಗುತ್ತ ಹೋದ ಹಾಗೆ ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸುತ್ತಾರೆ. ಕೊನೆಗೆ ಹರಳುಗಟ್ಟಿದ್ದನ್ನು ಮರದ ಹಲಗೆಯಿಂದ ಎಳೆದು ಬದುವಿನ ಮೇಲೆ ಗುಪ್ಪೆ ಹಾಕುತ್ತಾರೆ. ನೆಲದ ಮಣ್ಣಿನ ಬಣ್ಣ ಹಿಡಿದ ದಪ್ಪ ಉಪ್ಪು. ಮಳೆ ಬೀಳುವವರೆಗೆ ಕೆಲಸ, ಆಮೇಲೆ ಆಗರಕ್ಕೆ ರಜೆ. ಈ ಗುಪ್ಪೆಗೆ ದಿಲ್ಲಿಯಲ್ಲಿ ಕನಿಷ್ಠ ಮೂರು ಬಾಗಿಲು ಇವೆ.

ಉಪ್ಪಿನ ತಯಾರಿಕೆ, ಪೂರೈಕೆ, ಹಂಚಿಕೆಯ ನಿಯಂತ್ರಣ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರಪಟ್ಟಿಯ 58ನೇ ನಮೂದು. ಹಾಗಾಗಿ ಉಪ್ಪಿನ ಬಗ್ಗೆ ಕೇಳಿದರೆ 'ರಾಜ್ಯದ ವಿಷಯ' ಅಂತ ತಳ್ಳಿಹಾಕುವುದು ಕಷ್ಟ. ಉಪ್ಪು ಆಯುಕ್ತರ ಕಚೇರಿ ಇರುವುದು ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಕೆಳಗೆ. ಇದು ಮೊದಲ ಬಾಗಿಲು. ಅಯೋಡಿನ್ ಹಾಕದ ಉಪ್ಪನ್ನು ನೇರವಾಗಿ ತಿನ್ನುವುದಕ್ಕೆ ಮಾರಬಾರದು ಅನ್ನುವ ನಿಯಮ ಆಹಾರ ಸುರಕ್ಷತಾ ಪ್ರಾಧಿಕಾರದ್ದು. ಅದು ಆರೋಗ್ಯ ಸಚಿವಾಲಯಕ್ಕೆ ಸೇರಿದೆ. ಇದು ಎರಡನೆಯದು. ಆಗರ ಇರುವ ಗಜನಿ (ಉಪ್ಪುನೀರು ನುಗ್ಗುವ ತಗ್ಗು) ಜಾಗ, ಕರಾವಳಿ ನಿಯಂತ್ರಣ ವಲಯ, ಇವೆಲ್ಲ ಪರಿಸರ ಸಚಿವಾಲಯದ 2019ರ ಅಧಿಸೂಚನೆಗೆ ಬರುತ್ತವೆ. ಇದು ಮೂರನೆಯದು. 1930ರಲ್ಲಿ ಅಂಕೋಲೆಯವರು ಉಪ್ಪಿಗಾಗಿ ಜೈಲಿಗೆ ಹೋದಾಗ ಎದುರಿಗೆ ಒಂದೇ ಸರ್ಕಾರ, ಒಂದೇ ಕಾನೂನು ಇತ್ತು. ಈಗ ಅದೇ ಉಪ್ಪಿಗೆ ಮೂರು ಕಡೆ ಬೇರೆ ಬೇರೆ ಮಾತಾಡಬೇಕು.

ಗುಡಿಗಾರರದ್ದು ನೋಡಿ. ಶಿರಸಿ, ಕುಮಟಾ, ಹೊನ್ನಾವರ ಕಡೆ ಗಂಧದಲ್ಲೂ ಶಿವನಿ ಮರದಲ್ಲೂ ಕೆತ್ತುವ ಈ ಕೆಲಸವನ್ನು ನಾವು ಸಂಸ್ಕೃತಿ ಅಂತೀವಿ. ಆದರೆ ಕರಕುಶಲ ವಸ್ತುಗಳು ದಿಲ್ಲಿಯಲ್ಲಿ ಜವಳಿ ಸಚಿವಾಲಯದ ಕೈಯಲ್ಲಿವೆ. ಜವಳಿಯವರಿಗೂ ಗಂಧದ ಕೊರಡಿಗೂ ಏನು ಸಂಬಂಧ ಅನ್ನಿಸುತ್ತೆ, ಅಲ್ವಾ? ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಅಲ್ಲೇ ಇರುವುದು. ಇನ್ನು ಮರ ಎಷ್ಟು ಸಿಗುತ್ತದೆ ಅನ್ನುವ ಪ್ರಶ್ನೆ ರಾಜ್ಯದ ಅರಣ್ಯ ಇಲಾಖೆಗೆ.

ಜೋನಿ ಬೆಲ್ಲವೂ, ಅಂದರೆ ನಮ್ಮ ದ್ರವ ಬೆಲ್ಲವೂ, ಹೀಗೇ. ಡಬ್ಬಿಯ ಮೇಲಿನ ಚೀಟಿ, ನೋಂದಣಿ, ಗುಣಮಟ್ಟ ಆರೋಗ್ಯ ಸಚಿವಾಲಯಕ್ಕೆ. ಕಬ್ಬಿನ ಗಾಣಕ್ಕೂ ಕೊಪ್ಪರಿಗೆಗೂ ಸಾಲ ಮತ್ತು ಸಬ್ಸಿಡಿ ಬೇಕಾದರೆ ಒಂದೋ ಆಹಾರ ಸಂಸ್ಕರಣಾ ಸಚಿವಾಲಯ, ಇಲ್ಲವೇ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸಚಿವಾಲಯ. ತೆಂಗಿನ ನಾರು, ಖಾದಿ, ಜೇನುಪೆಟ್ಟಿಗೆ ಕೊನೆಯದಕ್ಕೇ ಸೇರುತ್ತವೆ, ಏಕೆಂದರೆ ತೆಂಗಿನ ನಾರಿನ ಮಂಡಳಿಯೂ ಖಾದಿ ಗ್ರಾಮೋದ್ಯೋಗ ಆಯೋಗವೂ ಅದರ ಅಡಿಯಲ್ಲಿವೆ. ಶಿರಸಿ ಸುಪಾರಿ, ಅಂಕೋಲೆಯ ಕರಿ ಇಶಾಡು ಮಾವಿಗೆ ಸಿಕ್ಕಿರುವ ಭೌಗೋಳಿಕ ಸೂಚಿಯ (ಜಿಐ ಟ್ಯಾಗ್) ವಿಷಯವಾದರೆ ವಾಣಿಜ್ಯ ಸಚಿವಾಲಯ.

ಸಮುದಾಯದ ಪಟ್ಟಿ ವಿಷಯಕ್ಕೆ ಬಂದರೆ ಬುಡಕಟ್ಟು ವ್ಯವಹಾರಗಳ ಸಚಿವಾಲಯ. ಸಂಸತ್ತಿನ ಒಂದು ಸಾಲು ಎಷ್ಟು ತೂಕದ್ದು ಅಂತ ತಿಳಿಯಬೇಕಾದರೆ ಸಿದ್ದಿಗಳ ಉದಾಹರಣೆ ಸಾಕು. 2003ರಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ಸಿದ್ದಿ ಅನ್ನುವ ಹೆಸರಿನ ಮುಂದೆ ಆವರಣದಲ್ಲಿ 'ಉತ್ತರ ಕನ್ನಡ ಜಿಲ್ಲೆ' ಅಂತ ಇತ್ತು. ಅಷ್ಟಕ್ಕೇ ಗಡಿಯ ಆಚೆ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿದ್ದ ಅದೇ ಸಿದ್ದಿಗಳು ಪರಿಶಿಷ್ಟ ಪಂಗಡದಿಂದ ಹೊರಗೆ ಉಳಿದರು. ಆ ಆವರಣದೊಳಗೆ ಇನ್ನೆರಡು ಜಿಲ್ಲೆಯ ಹೆಸರು ಸೇರುವುದಕ್ಕೆ 2020ರ ತಿದ್ದುಪಡಿ ಬರಬೇಕಾಯಿತು.

ಎರಡನೇ ಹೆಜ್ಜೆ: ಆ ಸಾಲನ್ನೇ ಓದಿ

ಯಾರೋ ಹೇಳಿದ್ದನ್ನು ನಂಬಿ ಬರೆಯಬೇಡಿ. ನಿಯಮದ ಪ್ರತಿ ತೆಗೆದು ನೀವೇ ಓದಿ. ಇಂಗ್ಲಿಷ್ ಕಷ್ಟವಾದರೆ ಊರಿನ ಮೇಷ್ಟ್ರನ್ನೋ ಕಾಲೇಜಿಗೆ ಹೋಗುವ ಮಕ್ಕಳನ್ನೋ ಕೂರಿಸಿಕೊಳ್ಳಿ.

ಶಬ್ದ ನಿಯಮವನ್ನು ನಾನು ಓದಿದಾಗ ಮೂರು ವಿಷಯ ಗೊತ್ತಾಯಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಆದರೆ 5ನೇ ನಿಯಮದ 3ನೇ ಉಪನಿಯಮದಲ್ಲಿ ಒಂದು ಸಡಿಲಿಕೆ ಇದೆ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಲ್ಲಿ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ, ರಾತ್ರಿ 12ರವರೆಗೆ ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಆ ದಿನಗಳು ಯಾವುವು ಅಂತ ರಾಜ್ಯ ಮೊದಲೇ ಹೇಳಿರಬೇಕು. ಮೂರನೆಯದು, ಸುಪ್ರೀಂ ಕೋರ್ಟ್ 2005ರಲ್ಲಿ ಈ ಸಡಿಲಿಕೆಯನ್ನು ಒಪ್ಪಿತು, ಆದರೆ ಇದಕ್ಕಿಂತ ಹೆಚ್ಚು ಸಡಿಲ ಮಾಡುವುದಕ್ಕೆ ಒಪ್ಪಲಿಲ್ಲ.

ಇಷ್ಟು ತಿಳಿದ ಮೇಲೆ 'ಯಕ್ಷಗಾನಕ್ಕೆ ಪೂರ್ತಿ ವಿನಾಯಿತಿ ಕೊಡಿ' ಅಂತ ಕೇಳುವುದರಲ್ಲಿ ಅರ್ಥ ಉಳಿಯಲಿಲ್ಲ. ಅದು ಕೋರ್ಟಿನ ತೀರ್ಪಿಗೆ ಹೋಗಿ ನಿಲ್ಲುತ್ತದೆ. ರಾತ್ರಿ ನಿದ್ದೆ ಬೇಕಾದ ರೋಗಿಗಳು, ಪರೀಕ್ಷೆಗೆ ಓದುವ ಮಕ್ಕಳು ನಮ್ಮೂರಲ್ಲೂ ಇದ್ದಾರೆ, ಅವರನ್ನು ಮರೆತು ಬರೆದರೆ ಮನವಿಗೆ ತೂಕ ಬರುವುದಿಲ್ಲ. ಕೇಳಬಹುದಾದದ್ದು ಬೇರೆ ಇದೆ. ಆ 15 ದಿನಗಳನ್ನು ಯಾವ ರಾಜ್ಯ ಹೇಗೆ ಬಳಸಿದೆ? ದಿನಗಳನ್ನು ಇಡೀ ರಾಜ್ಯಕ್ಕೆ ಒಂದೇ ಎಂದು ಲೆಕ್ಕ ಹಾಕಬೇಕೇ, ಜಿಲ್ಲೆಯ ಜಾತ್ರೆ, ಆಟದ ದಿನಗಳಿಗೆ ಹೊಂದಿಸಬಹುದೇ? ಬೆಳಗಿನವರೆಗೆ ನಡೆಯುವ ಸಾಂಪ್ರದಾಯಿಕ ಕಲೆಗಳ ಮೇಲೆ ಈ ನಿಯಮದ ಪರಿಣಾಮವನ್ನು ಯಾರಾದರೂ ಅಧ್ಯಯನ ಮಾಡಿದ್ದಾರಾ? ಇವಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಉಪ್ಪಿನ ನಿಯಮದಲ್ಲೂ ಹೀಗೆ ಒಂದು ಕಿಂಡಿ ಇದೆ. ಗಳಗಂಡ ತಡೆಯುವುದಕ್ಕೆ ಅಂತ ಬಂದ ನಿಯಮ ಅದು, ಅದರ ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಪದಾರ್ಥ ಕೆಡದಂತೆ ಇಡುವುದಕ್ಕೆ, ದನಕರುಗಳಿಗೆ, ಔಷಧಿಗೆ, ಕೈಗಾರಿಕೆಗೆ ಅಂತ ಸರಿಯಾದ ಚೀಟಿ ಹಚ್ಚಿ ಅಯೋಡಿನ್ ಇಲ್ಲದ ಉಪ್ಪನ್ನು ಮಾರಬಹುದು ಅಂತ ಅದೇ ನಿಯಮದಲ್ಲಿದೆ. ಅಪ್ಪೆಮಿಡಿ ಉಪ್ಪಿಗೆ ಹಾಕುವುದು ಅಂದರೆ ಪದಾರ್ಥ ಕೆಡದಂತೆ ಇಡುವುದೇ ತಾನೆ! ಇದನ್ನು ಓದಿದವರ ಪ್ರಶ್ನೆಗೂ ಓದದವರ ಪ್ರಶ್ನೆಗೂ ತುಂಬಾ ವ್ಯತ್ಯಾಸ ಇರುತ್ತದೆ.

ಮೂರನೇ ಹೆಜ್ಜೆ: ಊರಿನ ಲೆಕ್ಕ ಬರೆದಿಡಿ

ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಆಲೆಮನೆಯಾದರೆ: ಈ ವರ್ಷ ಊರಲ್ಲಿ ಎಷ್ಟು ಗಾಣ ತಿರುಗಿದವು, ಎಷ್ಟು ಡಬ್ಬಿ ಜೋನಿ ಬೆಲ್ಲ ಆಯಿತು, ಎಷ್ಟು ಜನ ದುಡಿದರು, ಅದರಲ್ಲಿ ಹೆಂಗಸರು ಎಷ್ಟು, ನೋಂದಣಿ ಇದ್ದವರು ಎಷ್ಟು, ಇಲ್ಲದವರು ಯಾಕೆ ಮಾಡಿಸಿಲ್ಲ. ಮೇಳವಾದರೆ: ಒಂದು ತಿರುಗಾಟದಲ್ಲಿ ಎಷ್ಟು ಆಟ, ಅದರಲ್ಲಿ ಬೆಳಗಿನವರೆಗೆ ಎಷ್ಟು, ಕಾಲಮಿತಿ ಎಷ್ಟು, ಅನುಮತಿಗೆ ಎಷ್ಟು ಅರ್ಜಿ ಕೊಟ್ಟಿರಿ, ಎಷ್ಟು ಸಿಕ್ಕಿತು.

ತಾರೀಕು ಹಾಕಿ, ಹೇಳಿದವರ ಸಹಿ ಹಾಕಿಸಿ. 'ಸಾವಿರಾರು ಕುಟುಂಬಗಳು ಬೀದಿಗೆ ಬಿದ್ದಿವೆ' ಅಂತ ಬರೆಯುವುದು ಸುಲಭ. ಆದರೆ ಸಮಿತಿಯ ಸದಸ್ಯರು ಅಧಿಕಾರಿಯ ಎದುರು ಇಟ್ಟು ಕೇಳುವುದಕ್ಕೆ ಅದರಿಂದ ಏನೂ ಸಿಗುವುದಿಲ್ಲ. 'ನಮ್ಮ ಪಂಚಾಯಿತಿಯ 14 ಗಾಣಗಳಲ್ಲಿ 3ಕ್ಕೆ ಮಾತ್ರ ನೋಂದಣಿ ಇದೆ, ಉಳಿದ 11 ಜನ ಹೇಳಿದ ಕಾರಣ ಹೀಗಿದೆ' ಅನ್ನುವಂಥ ಸಾಲು ಕೆಲಸ ಮಾಡುತ್ತದೆ. ಈ 14, 3, 11 ನಾನು ಮಾದರಿಗೆ ಬರೆದದ್ದು, ನಿಮ್ಮ ಲೆಕ್ಕ ನಿಮ್ಮೂರಿನದೇ ಇರಲಿ.

ಸರ್ಕಾರದ ಕೈಯಲ್ಲಿರುವ ಲೆಕ್ಕ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕೇಂದ್ರದ ಕಚೇರಿಗಳಿಗೆ 10 ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು.

ನಾಲ್ಕನೇ ಹೆಜ್ಜೆ: ಯಾವ ದಾರಿ?

ಸದನದಲ್ಲಿ ಸಂಸದರು ಕೇಳುವ ಪ್ರಶ್ನೆ ಒಂದು ದಾರಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಬಾಯಿ ಮಾತಿನಲ್ಲಿ ಉತ್ತರಿಸುತ್ತಾರೆ, ಮೇಲುಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನವು, 230 ಚುಕ್ಕೆ ಗುರುತಿಲ್ಲದವು. ರಾಜ್ಯಸಭೆಯಲ್ಲಿ 15 ಮತ್ತು 160. ಯಾರ ಪ್ರಶ್ನೆ ಬರಬೇಕು ಅಂತ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಲೆಕ್ಕ, ವಿವರ ಬೇಕಾದರೆ ಲಿಖಿತ ಉತ್ತರವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಟೀವಿಯಲ್ಲಿ ಬರದಿದ್ದರೂ ಕಾಗದ ಕೈಯಲ್ಲಿ ಉಳಿಯುತ್ತದೆ.

ಎರಡನೇ ದಾರಿ ಇಲಾಖಾವಾರು ಸ್ಥಾಯಿ ಸಮಿತಿಗಳು. ಇವುಗಳ ಬಗ್ಗೆ ನಮ್ಮಲ್ಲಿ ಗೊತ್ತಿರುವವರು ಕಡಿಮೆ, ಆದರೆ ನನಗೆ ಹೆಚ್ಚು ನಂಬಿಕೆ ಇರುವುದು ಇವುಗಳ ಮೇಲೆಯೇ. 1993ರಲ್ಲಿ 17 ಸಮಿತಿಗಳಿಂದ ಶುರುವಾಗಿ, 2004ರಲ್ಲಿ 24 ಆದವು. ಒಂದೊಂದರಲ್ಲಿ 31 ಸದಸ್ಯರು: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಸಚಿವರು ಇವುಗಳ ಸದಸ್ಯರಾಗುವಂತಿಲ್ಲ. ಬೇರೆ ಬೇರೆ ಪಕ್ಷದವರು ಬಾಗಿಲು ಮುಚ್ಚಿಕೊಂಡು ಕೂತು ಮಾತಾಡುತ್ತಾರೆ. ಸಮಿತಿ ಒಂದು ವಿಷಯ ಕೈಗೆತ್ತಿಕೊಂಡರೆ ಮೊದಲು ಸಚಿವಾಲಯಕ್ಕೆ ಪ್ರಶ್ನೆಗಳ ಉದ್ದ ಪಟ್ಟಿ ಹೋಗುತ್ತದೆ. ಲಿಖಿತ ಉತ್ತರ ಬಂದ ಮೇಲೆ ಕಾರ್ಯದರ್ಶಿಯನ್ನೇ ಕರೆಸಿ ಕೇಳುತ್ತಾರೆ. ನಮ್ಮ ಗುರಿ ಆ ಪಟ್ಟಿಯಲ್ಲಿ ನಮ್ಮ ಪ್ರಶ್ನೆಯೂ ಇರುವಂತೆ ಮಾಡುವುದು.

ಸಣ್ಣ ಉದ್ಯಮ, ಖಾದಿ, ತೆಂಗಿನ ನಾರಿಗೆ ಕೈಗಾರಿಕಾ ಸಮಿತಿ. ಸಂಸ್ಕೃತಿ ಸಚಿವಾಲಯಕ್ಕೆ ಸಾರಿಗೆ, ಪ್ರವಾಸೋದ್ಯಮ ಮತ್ತು ಸಂಸ್ಕೃತಿ ಸಮಿತಿ. ಗುಡಿಗಾರರ ಕೆಲಸಕ್ಕೆ ಕಾರ್ಮಿಕ, ಜವಳಿ ಮತ್ತು ಕೌಶಲ್ಯಾಭಿವೃದ್ಧಿ ಸಮಿತಿ. ಬುಡಕಟ್ಟು ವಿಷಯಕ್ಕೆ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಮಿತಿ. ಆಹಾರ ಸುರಕ್ಷತೆಗೆ ಆರೋಗ್ಯ ಸಮಿತಿ. ಒಂದು ಮಿತಿ ನೆನಪಿರಲಿ: ದಿನನಿತ್ಯದ ಆಡಳಿತದ ವಿಷಯಗಳನ್ನು ಇವು ನೋಡುವುದಿಲ್ಲ. ನಿಮ್ಮ ಒಬ್ಬರ ಲೈಸೆನ್ಸ್ ತಡವಾಯಿತು ಅಂತ ಬರೆದರೆ ಆಗುವುದಿಲ್ಲ. ಲೈಸೆನ್ಸ್ ಕೊಡುವ ಪದ್ಧತಿಯೇ ಸಣ್ಣವರಿಗೆ ಕಷ್ಟವಾಗಿದೆ ಅಂತ ತೋರಿಸಿದರೆ ಆಗುತ್ತದೆ.

ನಮ್ಮ ಕ್ಷೇತ್ರದ ಸಂಸದರು ಆ ಸಮಿತಿಯಲ್ಲಿ ಇಲ್ಲದಿದ್ದರೆ ಕೈಚೆಲ್ಲಬೇಡಿ. ಕರ್ನಾಟಕಕ್ಕೆ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12 ಸ್ಥಾನಗಳಿವೆ. ಈ 40 ಜನರಲ್ಲಿ ಯಾರು ಯಾವ ಸಮಿತಿಯಲ್ಲಿದ್ದಾರೆ ಅಂತ ಸಂಸತ್ತಿನ ಸನ್ಸದ್ ಜಾಲತಾಣದಲ್ಲಿ ಸಿಗುತ್ತದೆ. ಸಮಿತಿಯ ಅವಧಿ ಒಂದು ವರ್ಷ, ಹಾಗಾಗಿ ಹೊಸ ಪಟ್ಟಿಯನ್ನೇ ನೋಡಿ. ಶಿರಸಿಯವರೇ ಆದ ವಿಶ್ವೇಶ್ವರ ಹೆಗಡೆ ಕಾಗೇರಿ 2024ರಲ್ಲಿ ಇಲ್ಲಿಂದ ಲೋಕಸಭೆಗೆ ಆರಿಸಿ ಹೋದರು. ಅದಕ್ಕೂ ಮೊದಲು ವಿಧಾನಸಭೆಯ ಸ್ಪೀಕರ್ ಆಗಿದ್ದವರು. ಸದನದ ನಿಯಮ ಗೊತ್ತಿರುವವರ ಹತ್ತಿರ ಹೋಗುವಾಗ ನಾವೂ ನಿಯಮ ಓದಿಕೊಂಡು ಹೋದರೆ ಮಾತು ಬೇಗ ಮುಗಿಯುತ್ತದೆ.

ಮೂರನೆಯದು ಅರ್ಜಿಗಳ ಸಮಿತಿ. ಲೋಕಸಭೆಯದರಲ್ಲಿ 15 ಸದಸ್ಯರು, ರಾಜ್ಯಸಭೆಯದರಲ್ಲಿ 10. ಲೋಕಸಭೆಗೆ ಅರ್ಜಿಯನ್ನು ನಿಗದಿತ ನಮೂನೆಯಲ್ಲೇ ಬರೆಯಬೇಕು. ಹಿಂದಿ ಅಥವಾ ಇಂಗ್ಲಿಷ್‌ನಲ್ಲಿರಬೇಕು. ಕನ್ನಡದಲ್ಲಿ ಬರೆದರೆ ಅನುವಾದವನ್ನೂ ಸಹಿ ಹಾಕಿ ಜೊತೆಗೆ ಕೊಡಬೇಕು. ಸಹಿ ಹಾಕಿದವರ ಪೂರ್ತಿ ಹೆಸರು, ವಿಳಾಸ ಇರಬೇಕು, ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಸಂಸದರೊಬ್ಬರ ಮೂಲಕ ಮಂಡಿಸುವುದಾದರೆ ಅವರ ಮೇಲುಸಹಿಯಾಗಬೇಕು. ಪತ್ರ, ಪ್ರಮಾಣಪತ್ರ, ಬೇರೆ ದಾಖಲೆ ಯಾವುದನ್ನೂ ಲಗತ್ತಿಸಬಾರದು. ನಮ್ಮವರು ಸಾಮಾನ್ಯವಾಗಿ ತಪ್ಪುವುದು ಇಲ್ಲೇ: ಪೇಪರ್ ಕಟಿಂಗ್‌ಗಳ ಕಟ್ಟನ್ನೇ ಜೊತೆಗೆ ಹೊಲಿದು ಕೊಡುತ್ತೇವೆ. ಕೋರ್ಟಿನಲ್ಲಿರುವ ವಿಷಯವನ್ನು ಅರ್ಜಿಯಲ್ಲಿ ಎತ್ತುವಂತಿಲ್ಲ.

ಇನ್ನೊಂದು ಸಮಿತಿಯ ಹೆಸರನ್ನು ಬರೆದಿಟ್ಟುಕೊಳ್ಳಿ: ಅಧೀನ ಶಾಸನ ಸಮಿತಿ. ಸಂಸತ್ತು ಮಾಡಿದ ಕಾಯ್ದೆಯ ಅಡಿ ಸಚಿವಾಲಯಗಳು ಮಾಡುವ ನಿಯಮಗಳು ಕಾಯ್ದೆಯ ಗೆರೆ ದಾಟಿವೆಯೇ ಅಂತ ನೋಡುವುದು ಇದರ ಕೆಲಸ. ಶಬ್ದ ನಿಯಮ, ಉಪ್ಪಿನ ನಿಯಮ, ಆಹಾರದ ಮಾನದಂಡ ಎಲ್ಲವೂ ಇಂಥ ನಿಯಮಗಳೇ.

ಐದನೇ ಹೆಜ್ಜೆ: ಪ್ರಶ್ನೆ ಬರೆಯುವುದು

ಲೋಕಸಭೆಯ ಪ್ರಶ್ನೆ 150 ಪದ ಮೀರಬಾರದು. ವಾದ ಇರಬಾರದು, ಆರೋಪ ಇರಬಾರದು, ಚುಚ್ಚುಮಾತು ಇರಬಾರದು. ಅಭಿಪ್ರಾಯ ಕೇಳುವಂತಿಲ್ಲ. ಭಾರತ ಸರ್ಕಾರದ ಹೊಣೆಗೆ ಬಾರದ ವಿಷಯ ಆಗಿರಬಾರದು. ಈಗಾಗಲೇ ಉತ್ತರ ಕೊಟ್ಟಿರುವುದನ್ನೇ ಮತ್ತೆ ಕೇಳುವಂತಿಲ್ಲ. ಅದಕ್ಕೇ ಮೊದಲು ಸನ್ಸದ್ ತಾಣದಲ್ಲಿ ಹಳೆಯ ಪ್ರಶ್ನೋತ್ತರ ಹುಡುಕಿ. ಇಂಗ್ಲಿಷ್ ಪದ ಹಾಕಿ ಹುಡುಕಿದರೆ ಜಾಸ್ತಿ ಸಿಗುತ್ತವೆ. ಹಳೆಯ ಉತ್ತರದಲ್ಲಿ ಬಿಟ್ಟುಹೋದ ಜಾಗದಿಂದಲೇ ಹೊಸ ಪ್ರಶ್ನೆ ಹುಟ್ಟುತ್ತದೆ.

ಉಪ್ಪಿನ ಬಗ್ಗೆ ಒಂದು ಮಾದರಿ:

ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು ತಿಳಿಸುವರೇ:

(ಅ) ಪದಾರ್ಥಗಳನ್ನು ಕೆಡದಂತೆ ಇಡಲು ಬಳಸುವ ಉಪ್ಪನ್ನು ಸೂಕ್ತ ಚೀಟಿಯೊಂದಿಗೆ ಅಯೋಡಿನ್ ಇಲ್ಲದೆ ಮಾರಬಹುದೆಂಬ ಅವಕಾಶ, ಮನೆಯಲ್ಲಿ ಉಪ್ಪಿನಕಾಯಿ ಹಾಕುವವರಿಗೆ ಸಣ್ಣ ಪೊಟ್ಟಣಗಳಲ್ಲಿ ಮಾರುವುದಕ್ಕೂ ಅನ್ವಯಿಸುತ್ತದೆಯೇ;

(ಆ) ಹಾಗಿದ್ದರೆ, ಚೀಟಿಯಲ್ಲಿ ಇರಬೇಕಾದ ಪದಗಳೇನು;

(ಇ) ಸಾಣಿಕಟ್ಟಾದಂಥ ಸಾಂಪ್ರದಾಯಿಕ ಆಗರಗಳ ಸಹಕಾರಿ ಸಂಘಗಳಿಗೆ ಈ ಬಗ್ಗೆ ಮಾರ್ಗಸೂಚಿ ನೀಡಲಾಗಿದೆಯೇ, ಇಲ್ಲವಾದರೆ ಕಾರಣವೇನು, ಮತ್ತು

(ಈ) ಸಣ್ಣ ಆಗರಗಳು ಅಯೋಡಿನ್ ಸೇರಿಸುವ ಘಟಕ ಹಾಕಿಕೊಳ್ಳಲು ಯಾವುದಾದರೂ ನೆರವು ಲಭ್ಯವಿದೆಯೇ?

ನೋಡಿ, ಇದರಲ್ಲಿ ಎಲ್ಲೂ ದೂರು ಇಲ್ಲ. ಆದರೆ (ಅ)ಗೆ 'ಹೌದು' ಅಂತ ಬಂದರೆ ಆ ಒಂದು ಕಾಗದ ಹಿಡಿದು ಆಗರದವರು ಧೈರ್ಯವಾಗಿ ಮಾರಬಹುದು. 'ಇಲ್ಲ' ಅಂತ ಬಂದರೆ ಯಾವ ಪದ ತಿದ್ದಬೇಕು ಅಂತ ಸಮಿತಿಗೆ ಬರೆಯುವುದಕ್ಕೆ ದಾರಿಯಾಗುತ್ತದೆ.

ಹಾಲಕ್ಕಿ ಒಕ್ಕಲಿಗರ ಪರಿಶಿಷ್ಟ ಪಂಗಡದ ಬೇಡಿಕೆಗೂ ಇದೇ ರೀತಿ ಬೇಕು. ಸುಕ್ರಿ ಬೊಮ್ಮಗೌಡರಿಗೂ ತುಳಸಿ ಗೌಡರಿಗೂ ಪದ್ಮಶ್ರೀ ಬಂತು, ಇಡೀ ದೇಶ ಅವರನ್ನು ನೋಡಿತು. ಅವರಿಬ್ಬರೂ ಹೋದರು, ಬೇಡಿಕೆ ಹಾಗೇ ಉಳಿದಿದೆ. 'ಯಾವಾಗ ಸೇರಿಸುತ್ತೀರಿ' ಅಂತ ಕೇಳಿದರೆ 'ಪರಿಶೀಲನೆಯಲ್ಲಿದೆ' ಅಂತಷ್ಟೇ ಬರಬಹುದು. ಈ ಕಡತಕ್ಕೆ ನಿಲ್ದಾಣಗಳಿವೆ: ರಾಜ್ಯದ ಶಿಫಾರಸು, ಭಾರತದ ರಿಜಿಸ್ಟ್ರಾರ್ ಜನರಲ್, ಪರಿಶಿಷ್ಟ ಪಂಗಡಗಳ ರಾಷ್ಟ್ರೀಯ ಆಯೋಗ, ಸಚಿವ ಸಂಪುಟ, ಕೊನೆಗೆ ಸಂಸತ್ತಿನಲ್ಲಿ ಮಸೂದೆ. ಕಡತ ಈಗ ಯಾವ ನಿಲ್ದಾಣದಲ್ಲಿದೆ, ಅಲ್ಲಿಗೆ ಯಾವ ತಾರೀಕಿಗೆ ಬಂತು, ಏನು ಟಿಪ್ಪಣಿ ಬರೆದರು ಅಂತ ಒಂದೊಂದಾಗಿ ಕೇಳಬೇಕು.

ಆರನೇ ಹೆಜ್ಜೆ: ಸಮಿತಿಗೆ ಮನವಿ

ಸಮಿತಿ ಒಂದು ಮಸೂದೆಯನ್ನೋ ವಿಷಯವನ್ನೋ ತೆಗೆದುಕೊಂಡಾಗ ಸಾರ್ವಜನಿಕರ ಅಭಿಪ್ರಾಯ ಕೇಳಿ ಪತ್ರಿಕೆಗಳಲ್ಲಿ ಜಾಹೀರಾತು ಕೊಡುವುದುಂಟು. ಸಮಯ ಕಡಿಮೆ, ಹೆಚ್ಚಾಗಿ 15 ದಿನ. ಇದಕ್ಕೆ ಸಂಸದರ ಮೂಲಕವೇ ಹೋಗಬೇಕು ಅಂತಿಲ್ಲ, ನೇರವಾಗಿ ಕಳಿಸಬಹುದು. ಜಾಹೀರಾತು ಬಂದ ಮೇಲೆ ಬರೆಯುವುದಕ್ಕೆ ಕೂತರೆ ತಡವಾಗುತ್ತದೆ. ಮೂರನೇ ಹೆಜ್ಜೆಯ ನೋಟ್‌ಬುಕ್ ಮೊದಲೇ ಯಾಕೆ ಬೇಕು ಅಂತ ಆಗ ಗೊತ್ತಾಗುತ್ತದೆ.

ಎರಡು ಪುಟ ಸಾಕು. ಮೊದಲ ಪ್ಯಾರಾದಲ್ಲಿ ನೀವು ಯಾರು, ಎಲ್ಲಿಯವರು, ಏನು ಕೆಲಸ. ಎರಡನೆಯದರಲ್ಲಿ ಯಾವ ನಿಯಮದ ಎಷ್ಟನೇ ಸಾಲು. ಮೂರನೆಯದರಲ್ಲಿ ಆ ಸಾಲಿನಿಂದ ನಿಮ್ಮೂರಲ್ಲಿ ಏನಾಯಿತು, ಲೆಕ್ಕ ಸಮೇತ. ಕೊನೆಗೆ ಆ ಸಾಲು ಹೇಗಿರಬೇಕು ಅಂತ ನೀವೇ ಪದ ಬರೆದು ಕೊಡಿ. ಈ ಕೊನೆಯದನ್ನು ಬಹಳ ಜನ ಬಿಡುತ್ತಾರೆ. 'ಜೋನಿ ಬೆಲ್ಲಕ್ಕೆ ನ್ಯಾಯ ಕೊಡಿ' ಅಂದರೆ ಓದುವವರಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ದಿಲ್ಲಿಯಲ್ಲಿ ಬೆಲ್ಲ ಅಂದರೆ ಅಚ್ಚಿನ ಗಟ್ಟಿ ಬೆಲ್ಲವೇ ಕಣ್ಣಿಗೆ ಬರುವುದು. ನಮ್ಮದು ಸೌಟಿನಿಂದ ಇಳಿಯುವ ಬೆಲ್ಲ, ದೋಸೆಯ ಮೇಲೆ ಹುಯ್ದುಕೊಳ್ಳುವ ಬೆಲ್ಲ, ಅದರಲ್ಲಿ ನೀರಿನಂಶ ಬೇರೆ ಅಂತ ಮೊದಲು ವಿವರಿಸಿ. ಆಮೇಲೆ 'ಗಟ್ಟಿ ಬೆಲ್ಲದ ಅಳತೆಯಲ್ಲಿ ಇದನ್ನು ಅಳೆಯದೆ, ದ್ರವ ಬೆಲ್ಲ ಎಂದು ಬೇರೆಯಾಗಿ ನೋಡಿ, ನೀರಿನಂಶದ ಮಿತಿ ಇಷ್ಟಿರಲಿ' ಅಂತ ಬರೆಯಿರಿ. ಆ 'ಇಷ್ಟು' ಎಷ್ಟು ಅಂತ ತಿಳಿಯಬೇಕಾದರೆ ನಾಲ್ಕು ಮನೆಯ ಬೆಲ್ಲವನ್ನು ಮೊದಲೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ಇಟ್ಟುಕೊಂಡಿರಬೇಕು.

ಸಮಿತಿಯ ಎದುರು ಹೋಗಿ ಮಾತಾಡುವ ಇಚ್ಛೆ ಇದ್ದರೆ ಮನವಿಯಲ್ಲೇ ಸ್ಪಷ್ಟವಾಗಿ ಬರೆಯಿರಿ. ಕರೆಯುವುದು ಬಿಡುವುದು ಸಮಿತಿಗೆ ಬಿಟ್ಟದ್ದು.

ಒಂದು ಎಚ್ಚರಿಕೆ. ಸಮಿತಿಗೆ ಕೊಟ್ಟ ಮನವಿ ಸಮಿತಿಯ ದಾಖಲೆಯಾಗುತ್ತದೆ, ಗೋಪ್ಯವಾಗಿರಬೇಕು. ಅದನ್ನು ಬಹಿರಂಗ ಮಾಡಿದರೆ ಸದನದ ಹಕ್ಕುಚ್ಯುತಿ ಆಗಬಹುದು. ಕಳಿಸಿದ ಖುಷಿಗೆ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಪತ್ರಿಕೆಗೂ ಕೊಡಬೇಡಿ.

ಏಳನೇ ಹೆಜ್ಜೆ: ಹೊತ್ತು ನೋಡಿ ಹೋಗಿ

ಪ್ರಶ್ನೆಗೆ ಕನಿಷ್ಠ 15 ಪೂರ್ಣ ದಿನಗಳ ನೋಟಿಸ್ ಬೇಕು. ಸಚಿವಾಲಯಗಳನ್ನು ಐದು ಗುಂಪು ಮಾಡಿ ವಾರದ ಒಂದೊಂದು ದಿನಕ್ಕೆ ಹಂಚಿರುತ್ತಾರೆ. ಅಧಿವೇಶನ ಶುರುವಾದ ಮೇಲೆ ಸಂಸದರ ಹತ್ತಿರ ಓಡಿದರೆ ದಿನ ತಪ್ಪುತ್ತದೆ. ಮುಂಗಾರು ಅಧಿವೇಶನ ಸಾಮಾನ್ಯವಾಗಿ ಜುಲೈನಲ್ಲಿ ಶುರುವಾಗುತ್ತದೆ, ಅದಕ್ಕೆ ಜೂನ್ ಮೊದಲ ವಾರದಲ್ಲೇ ಕರಡು ಕೊಟ್ಟುಬಿಡಿ. ಸಸಿ ನೆಡುವ ಗಡಿಬಿಡಿಗೆ ಮೊದಲೇ ಈ ಕೆಲಸ ಮುಗಿಯಲಿ. ಕನ್ನಡದಲ್ಲಿ ಒಂದು ಪ್ರತಿ, ಇಂಗ್ಲಿಷ್‌ನಲ್ಲಿ ಒಂದು ಪ್ರತಿ, ಜೊತೆಗೆ ನಿಯಮದ ಆ ಪುಟದ ಜೆರಾಕ್ಸ್. ಸಂಸದರ ಕಚೇರಿಯವರಿಗೆ ಕೆಲಸ ಹಗುರವಾದಷ್ಟೂ ನಿಮ್ಮ ಪ್ರಶ್ನೆ ಮುಂದೆ ಹೋಗುತ್ತದೆ.

ಬಜೆಟ್ ಅಧಿವೇಶನದ ಮಧ್ಯದ ಬಿಡುವಿನಲ್ಲಿ ಸ್ಥಾಯಿ ಸಮಿತಿಗಳು ಇಲಾಖೆಗಳ ಅನುದಾನದ ಬೇಡಿಕೆ ಪರಿಶೀಲಿಸುತ್ತವೆ. ದುಡ್ಡಿನ ಪ್ರಶ್ನೆ, ಅಂದರೆ ತೆಂಗಿನ ನಾರಿಗೆ ಇಟ್ಟದ್ದೆಷ್ಟು, ಖರ್ಚಾದದ್ದೆಷ್ಟು, ಕಲಾವಿದರ ಮಾಸಾಶನ ಎಷ್ಟು ಜನರಿಗೆ ತಲುಪಿತು, ಇಂಥವನ್ನು ಜನವರಿಯಲ್ಲೇ ಸಮಿತಿ ಸದಸ್ಯರಿಗೆ ಮುಟ್ಟಿಸಿ.

ಹೊಸ ನಿಯಮದ ಕರಡು ಹೊರಬಂದಾಗ ಆಕ್ಷೇಪಣೆಗೆ ದಿನ ಕೊಟ್ಟಿರುತ್ತಾರೆ, ಆಹಾರ ಪ್ರಾಧಿಕಾರದ ಕರಡುಗಳಿಗೆ ಸಾಮಾನ್ಯವಾಗಿ 60. ಕರಡಿನ ಹಂತದಲ್ಲಿ ಒಂದು ಪದ ತಿದ್ದಿಸುವುದು ಸುಲಭ.

ನಿಮ್ಮ ವಿಷಯ ನಿಜವಾಗಿಯೂ ರಾಜ್ಯದ್ದೇ ಆಗಿದ್ದರೆ ದಿಲ್ಲಿಯವರೆಗೆ ಹೋಗಬೇಡಿ. ನಾಟಕ, ರಂಗಪ್ರದರ್ಶನ ರಾಜ್ಯಪಟ್ಟಿಯ 33ನೇ ನಮೂದು. ಕರಾವಳಿಗೆ ಹತ್ತಿರದ ಕಡಲಿನ ಮೀನುಗಾರಿಕೆ 21ನೇದು. ದಡದಿಂದ ರಂಪಣಿ ಬಲೆ ಎಳೆಯುವ ಮೀನುಗಾರರ ಬಹುಪಾಲು ಅಹವಾಲು ಇದರೊಳಗೆ ಬರುತ್ತವೆ. ಕರ್ನಾಟಕ ವಿಧಾನಸಭೆಗೂ ಅರ್ಜಿಗಳ ಸಮಿತಿ ಇದೆ, ಅಲ್ಲಿ ಕನ್ನಡದಲ್ಲೇ ಬರೆಯಬಹುದು. ಶಬ್ದ ನಿಯಮದ ಆ 15 ದಿನಗಳನ್ನು ಗೊತ್ತುಮಾಡುವುದೂ ರಾಜ್ಯವೇ ಆದ್ದರಿಂದ ಆಟದ ವಿಷಯದಲ್ಲಿ ಎರಡೂ ಕಡೆ ಹೋಗಬೇಕು.

ಎಂಟನೇ ಹೆಜ್ಜೆ: ಉತ್ತರ ಬಂದ ಮೇಲೆ

ಇಲ್ಲಿಗೆ ಬಂದವರಲ್ಲಿ ಬಹುಪಾಲು ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಉತ್ತರವನ್ನು ಪೆನ್ಸಿಲ್ ಹಿಡಿದು ಓದಿ. 'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದಲ್ಲಿ ಮಂಡಿಸಲಾಗುವುದು' ಅಂತ ಇದೆಯೇ? ಹಾಗಿದ್ದರೆ ಅದು ಭರವಸೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲದಿದ್ದರೆ ಸರ್ಕಾರಿ ಭರವಸೆಗಳ ಸಮಿತಿ ಕೇಳುತ್ತದೆ. ಆ ತಾರೀಕನ್ನು ಕ್ಯಾಲೆಂಡರ್ ಮೇಲೆ ಬರೆಯಿರಿ, ಮೂರು ತಿಂಗಳು ಕಳೆದ ಮರುದಿನ ಸಂಸದರಿಗೆ ನೆನಪಿಸಿ.

ಸಮಿತಿ ವರದಿಯಲ್ಲಿ ನಿಮ್ಮ ವಿಷಯದ ಶಿಫಾರಸು ಬಂದರೆ ಸರ್ಕಾರ ಅದಕ್ಕೂ ಮೂರು ತಿಂಗಳಲ್ಲಿ ಕ್ರಮದ ವಿವರ ಕೊಡಬೇಕು. ಆಮೇಲೆ ಸಮಿತಿ ಇನ್ನೊಂದು ವರದಿ ಮಾಡುತ್ತದೆ: ಯಾವುದನ್ನು ಸರ್ಕಾರ ಒಪ್ಪಿತು, ಯಾವುದನ್ನು ಒಪ್ಪಲಿಲ್ಲ, ಯಾವ ಉತ್ತರ ಸಮಿತಿಗೆ ಸಮಾಧಾನ ತರಲಿಲ್ಲ. ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಆದರೆ 'ಒಪ್ಪಲಿಲ್ಲ' ಅಂತ ಬರೆಯುವಾಗ ಕಾರಣವನ್ನೂ ಬರೆಯಬೇಕಾಗುತ್ತದೆ. ಆ ಕಾರಣವೇ ನಿಮ್ಮ ಮುಂದಿನ ಪ್ರಶ್ನೆ.

ಪ್ರಶ್ನೆಯ ಸಂಖ್ಯೆ, ತಾರೀಕು, ಉತ್ತರದ ಪ್ರತಿ, ನಿಮ್ಮ ನೋಟ್‌ಬುಕ್ ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿ ಸಂಘದ ಕಪಾಟಿನಲ್ಲಿಡಿ. ನಮ್ಮ ಫೈಲು ಈಗ ಊರ ಸೊಸೈಟಿಯಲ್ಲಿದೆ. ಅದರ ಮೊದಲ ಕಾಗದ ಐದು ಪುಟದ ಆ ಹಳೆಯ ಮನವಿ, ಅದರ ಬೆನ್ನಿಗೆ ಎರಡು ಸಾಲಿನ ಉತ್ತರ. ಮೂರನೆಯದು ಶಬ್ದ ನಿಯಮದ 5ನೇ ಪುಟ, ಅಂಚಿನಲ್ಲಿ ಭಾಗವತರೇ ನೀಲಿ ಶಾಯಿಯಲ್ಲಿ ಗೆರೆ ಎಳೆದಿದ್ದಾರೆ.